ಗಡಿ ದಾಟಿದ ಕಂಕಣ

"ಮುಟ್ಟಬ್ಯಾಡ! ಆ ಕೈಯಾಗೆ ಉಣ್ಣೆ ಮುಟ್ಟಬ್ಯಾಡ ಅಂದೆ!"

ಕಾಳಕ್ಕ ಕೂಗಿದ ರಭಸಕ್ಕೆ ಅಂಗಳದಲ್ಲಿ ಚಪ್ಪರ ಕಟ್ಟುತ್ತಿದ್ದವರು ಕೈಬಿಟ್ಟು ತಿರುಗಿ ನೋಡಿದರು. ಓಬಕ್ಕನ ಕೈಯಲ್ಲಿದ್ದ ಕದಿರು ಜಾರಿ, ಜಗಲಿಯ ಮೆಟ್ಟಿಲು ಒಂದೊಂದಾಗಿ ಇಳಿದು, ಸಾರಿಸಿದ ಅಂಗಳದ ನಡುವೆ ಹೋಗಿ ನಿಂತಿತು. ಅರ್ಧ ನೂತಿದ್ದ ಕರಿ ಉಣ್ಣೆಯ ಎಳೆ ಅದರ ಹಿಂದೆಯೇ ಬಿಚ್ಚಿಕೊಂಡು ಹೋಯಿತು. ಎಪ್ಪತ್ತೆಂಟು ವರ್ಷದ ಅತ್ತೆಯ ಮುಂದೆ ಐವತ್ತಮೂರು ವರ್ಷದ ಸೊಸೆ ಪಾಠ ಮರೆತ ಶಾಲೆಯ ಹುಡುಗಿಯ ಹಾಗೆ ತಲೆ ತಗ್ಗಿಸಿ ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಕೈ ಮಾತ್ರ ಸುಮ್ಮನಿರಲಾರದೆ ಸೀರೆಯ ಸೆರಗನ್ನು ಹಿಂಡುತ್ತಿತ್ತು.

ಈ ಓಬಕ್ಕ ಯಾರೆಂದು ಕೇಳಿದರೆ ಕಾರವಾರದ ಬಂದರಿನಲ್ಲಿ ನಿಮಗೆ ಕುರ್ಚಿ ಹಾಕಿ ಹೇಳಿಯಾರು. ಕಮಾಂಡರ್ ಓಬಕ್ಕ, ಭಾರತೀಯ ನೌಕಾಪಡೆ, ಈಗ ಮೀಸಲು ಪಟ್ಟಿಯ ಹಿರಿಯ ಅಧಿಕಾರಿ. ಎರಡಾಳು ಎತ್ತರದ ಗಂಡಸರು ಅವಳನ್ನು ಕಂಡರೆ ಸೆಟೆದು ಸಲಾಮು ಹೊಡೆಯುತ್ತಾರೆ. ಚಿತ್ರದುರ್ಗದ ಸೀಮೆಯವಳು ಎಂದ ಕೂಡಲೇ ಜನ ಕೋಟೆಯನ್ನೂ ಒನಕೆಯನ್ನೂ ನೆನಪಿಸಿ ಹೊಗಳಲು ಹೊರಡುತ್ತಾರೆ, ಅವಳಿಗೆ ಅದು ಕೇಳಿ ಕೇಳಿ ಬೇಜಾರು. "ನಮ್ಮಜ್ಜಿ ಹೆಸರು ಕಣ್ರಿ, ಅಷ್ಟೆ" ಎಂದು ಮಾತು ಮುಗಿಸುತ್ತಾಳೆ. ಆದರೆ ಹೊಸದುರ್ಗದಿಂದ ಹಾಲುರಾಮೇಶ್ವರದ ದಾರಿಯಲ್ಲಿ ಸಿಗುವ ಈ ಕರೇಹಟ್ಟಿಯಲ್ಲಿ, ಈ ಜಗಲಿಯ ಮೇಲೆ ಅವಳ ಪದವಿ ಒಂದು ಕಾಸಿಗೂ ಬಾಳುತ್ತಿರಲಿಲ್ಲ. ಇಲ್ಲಿ ಅವಳಿಗೆ ಒಂದೇ ಬಿರುದು, 'ಕಂಕಣ ಬಿಚ್ಚದೆ ಗಡಿ ದಾಟಿದವಳು'.

ಹಾಲುಮತದವರಲ್ಲಿ ಮದುವೆಗೆ ಹತ್ತಿಯ ಕಂಕಣ ಕಟ್ಟುವವರು ಬೇರೆ, ಉಣ್ಣೆಯ ಕಂಕಣ ಕಟ್ಟುವವರು ಬೇರೆ. ಓಬಕ್ಕ ಹೊಳಲ್ಕೆರೆ ಕಡೆಯ ಹತ್ತಿ ಕಂಕಣದವರ ಮಗಳು. ಕಾಳಕ್ಕನ ಮನೆತನ ಉಣ್ಣೆಯದು. ಈ ಮನೆತನದಲ್ಲಿ ಮಗಳ ಕಂಕಣದ ಎಳೆಯನ್ನು ಹಡೆದವಳೇ ನೂಲಬೇಕು, ಗಂಡ ಇರಲಿ ಬಿಡಲಿ. ಆಮೇಲೆ ತಾಯಿಯ ಹಳೆಯ ಕಂಕಣದಿಂದ ಒಂದೆಳೆ ತೆಗೆದು ಮಗಳದರಲ್ಲಿ ಹೊಸೆದು ಸೇರಿಸಬೇಕು. ಕಟ್ಟಿದ ಕಂಕಣವನ್ನು ಐದನೆಯ ದಿನ ಗಂಡನಾದವನೇ ಗಂಟು ಬಿಚ್ಚಿ ತೆಗೆಯಬೇಕು. ಅಲ್ಲಿಯವರೆಗೆ ಗಂಡು ಹೆಣ್ಣು ಇಬ್ಬರೂ ಊರ ಗಡಿಕಲ್ಲು ದಾಟುವಂತಿಲ್ಲ.

ಓಬಕ್ಕ ದಾಟಿದ್ದಳು.

ಅದಕ್ಕೆ ಇಪ್ಪತ್ತನಾಲ್ಕು ವರ್ಷ. ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಮೇ ತಿಂಗಳ ಕೊನೆ. ನೌಕಾಪಡೆಗೆ ಸೇರಿ ಐದು ವರ್ಷವಾಗಿದ್ದ ಓಬಕ್ಕನಿಗೂ ಹೊಸದುರ್ಗದ ಹೈಸ್ಕೂಲಿನ ಗಣಿತದ ಮೇಷ್ಟರು ಕರಿಸಿದ್ದಪ್ಪನಿಗೂ ಇದೇ ಅಂಗಳದಲ್ಲಿ ಮದುವೆಯಾಗಿತ್ತು. ಎರಡನೆಯ ದಿನ ಬೆಳಿಗ್ಗೆ ತಂತಿ ಬಂತು. ಗಡಿಯಲ್ಲಿ ಯುದ್ಧ, ರಜೆ ರದ್ದು, ತಕ್ಷಣ ಕೊಚ್ಚಿಗೆ ಹಾಜರಾಗಬೇಕು. ಕಾಳಕ್ಕ ಬಾಗಿಲಿಗೆ ಅಡ್ಡ ಕೂತಳು. "ಇನ್ನು ಮೂರೇ ದಿನ ಕಣವ್ವ, ಕಂಕಣ ಬಿಚ್ಚಿಸ್ಕಂಡು ಹೋಗು... ನನ್ನ ಮಗನ ತಲೆ ಮ್ಯಾಲೆ ಬರ್ತೈತೆ!" ಎಂದು ಸೊಸೆಯ ಕಾಲು ಹಿಡಿಯಲೂ ಬಂದಳು. ಓಬಕ್ಕ ಹೋದಳು. ಬಿಳಿ ಯೂನಿಫಾರ್ಮಿನ ಕೆಳಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿ ಅದರೊಳಗೆ ಕಂಕಣ ಮುಚ್ಚಿಟ್ಟುಕೊಂಡು, ಹಡಗಿಗೆ ಸಾಮಾನು ತುಂಬಿಸುವ ಕೆಲಸದಲ್ಲಿ ಹಗಲು ಕಳೆದಳು. ಕೊಚ್ಚಿಯ ಸೆಕೆಗೆ ಉಣ್ಣೆ ತುರಿಸುತ್ತಿತ್ತು, ಉರಿಯುತ್ತಿತ್ತು. ಆದರೂ ಕತ್ತರಿ ತಾಗಿಸಲಿಲ್ಲ.

ಆಗಸ್ಟಿನಲ್ಲಿ ಕರಿಸಿದ್ದಪ್ಪ ಬಂದ. ಮೈಸೂರಿನಲ್ಲಿ ಮೇಷ್ಟರಿಗೆ ತರಬೇತಿ ಎಂದು ತಾಯಿಗೆ ಸುಳ್ಳು ಹೇಳಿ ಬಂದಿದ್ದ. ಕೊಚ್ಚಿಯ ದಡದಲ್ಲಿ ಕಲ್ಲಿನ ಮೇಲೆ ಕೂತು, ಹಲ್ಲಿನಲ್ಲೂ ಉಗುರಿನಲ್ಲೂ ಎಳೆದಾಡಿ ಗಂಟು ಬಿಚ್ಚಿದ. ಅವನೂ ಅಷ್ಟು ದಿನ ತನ್ನದನ್ನು ಬಿಚ್ಚದೆ, ತಾಯಿಯ ಕಣ್ಣಿಗೆ ಬೀಳದ ಹಾಗೆ ಅಂಗಿಯ ತೋಳಿನೊಳಗೆ ಏರಿಸಿಟ್ಟುಕೊಂಡಿದ್ದ, ಅವಳು ಅದನ್ನು ಬಿಚ್ಚಿದಳು. ಎರಡನ್ನೂ ಸೇರಿಸಿ ಗಂಟುಹಾಕಿ ಜೇಬಿನಲ್ಲಿಟ್ಟುಕೊಂಡ. "ಅವ್ವಂಗೆ ಈಗ ಹೇಳಬ್ಯಾಡ. ನಾನೇ ಒಂದು ಒಳ್ಳೆ ದಿನ ನೋಡಿ ಹೇಳ್ತೀನಿ" ಎಂದ. ಆ ಒಳ್ಳೆಯ ದಿನ ಬರಲೇ ಇಲ್ಲ. ಗಂಡಸರು ತಾಯಿಗೆ ಹೇಳಬೇಕಾದ ಮಾತನ್ನು ಮುಂದೆ ಹಾಕುವುದರಲ್ಲಿ ಬಲು ಜಾಣರು.

ಮರುವರ್ಷ ಮಗಳು ಹುಟ್ಟಿದಳು. ಕರಿಸಿದ್ದಪ್ಪ ತನ್ನಜ್ಜಿಯ ಹೆಸರನ್ನೇ ಇಟ್ಟ, ಮುದ್ದಕ್ಕ. ಐದು ತಿಂಗಳ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಓಬಕ್ಕ ಕೆಲಸಕ್ಕೆ ಮರಳಿದಳು. ರಜೆ ಸಿಕ್ಕಾಗ ಬಂದಳು, ಮುಗಿದಾಗ ಹೋದಳು. ಮುದ್ದಕ್ಕನಿಗೆ ನಾಲ್ಕು ತುಂಬಿದ ವರ್ಷ ಡಿಸೆಂಬರಿನಲ್ಲಿ ಸಮುದ್ರ ಉಕ್ಕಿ ಊರೂರೇ ಕೊಚ್ಚಿಹೋದವು. ಓಬಕ್ಕ ಮದ್ರಾಸಿನ ಬಂದರಿನಲ್ಲಿ ನಿಂತು ಅಕ್ಕಿ, ನೀರು, ಔಷಧಿಗಳನ್ನು ಹಡಗಿಗೆ ತುಂಬಿಸುತ್ತಿದ್ದಳು. ಕರಿಸಿದ್ದಪ್ಪನಿಗೆ ಕಾಮಾಲೆ. ಫೋನಿನಲ್ಲಿ "ಒಂಚೂರು ಜ್ವರ, ನೀನು ಅಲ್ಲಿ ನೋಡ್ಕ" ಎಂದವನು ನಾಲ್ಕನೆಯ ದಿನಕ್ಕೆ ಹೋಗಿಯೇ ಬಿಟ್ಟ. ಅವಳು ಬಂದು ತಲುಪುವ ಹೊತ್ತಿಗೆ ಮಣ್ಣಾಗಿ ಮೂರು ದಿನವಾಗಿತ್ತು. ಬಾಗಿಲಲ್ಲಿ ನಿಂತ ಬಿಳಿ ಬಟ್ಟೆಯ ಹೆಂಗಸನ್ನು ಕಂಡು ಮಗು ಅಜ್ಜಿಯ ಸೆರಗಿನಲ್ಲಿ ಬಚ್ಚಿಟ್ಟುಕೊಂಡಿತು!

"ಯಾರ್‍ಯಾರದೋ ಊರಿನ ಹೆಣಕ್ಕೆ ಮಣ್ಣು ಹಾಕ್ದೆ... ನನ್ನ ಮಗಂಗೆ ಒಂದು ಹಿಡಿ ಹಾಕಾಕೆ ಬರ್ಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ! ಕಂಕಣ ಕತ್ತರಿಸಿ ಸಮುದ್ರಕ್ಕೆ ಎಸೆದೋಳು ನೀನು. ನೀನೇ ಕೊಂದೆ ಅವನ್ನ!"

ಅವನೇ ಬಂದು ಬಿಚ್ಚಿದ ಎಂದು ಆ ದಿನ ಹೇಳಬಹುದಿತ್ತು. ಸತ್ತವನನ್ನು ತಾಯಿಯ ಮುಂದೆ ಸುಳ್ಳುಗಾರನನ್ನಾಗಿ ಮಾಡಲು ಓಬಕ್ಕನಿಗೆ ಬಾಯಿ ಬರಲಿಲ್ಲ. ಅದೇ ಅವಳ ತಪ್ಪು. ಅಂದು ಬಾರದ ಮಾತು ಮತ್ತೆ ಬರಲೇ ಇಲ್ಲ.

ಹದಿನಾಲ್ಕು ವರ್ಷದ ಸೇವೆ ಮುಗಿದಾಗ ಅವಳ ಹೆಸರನ್ನು ಮೀಸಲು ಪಟ್ಟಿಗೆ ಹಾಕಿದರು. ಬೇಕಾದಾಗ ಕರೆಯುತ್ತೇವೆ, ಬರಬೇಕು ಎಂಬ ಷರತ್ತು. ಮಗಳನ್ನು ಕರೆದುಕೊಂಡು ಹೋಗಲು ಬಂದಳು. ಎಂಟು ವರ್ಷದ ಮುದ್ದಕ್ಕ ಕಂಬ ತಬ್ಬಿಕೊಂಡು ಕಿರುಚಿದಳು. ಓಬಕ್ಕ ಒಬ್ಬಳೇ ಕಾರವಾರಕ್ಕೆ ಹೋಗಿ, ಹಡಗಿನ ಕೆಲಸ ಕಲಿಯುವ ಹುಡುಗರಿಗೆ ಪಾಠ ಹೇಳಿಕೊಂಡು ನಿಂತಳು. ಚಂಡಮಾರುತ ಬಂದಾಗ, ಹಡಗು ಕೆಟ್ಟಾಗ ನೌಕಾಪಡೆ ಕರೆಯುತ್ತಿತ್ತು, ಹೋಗುತ್ತಿದ್ದಳು. ಭುಜದ ಮೇಲಿನ ಪಟ್ಟಿಗಳು ಹೆಚ್ಚಿದವು. ವರ್ಷಕ್ಕೊಮ್ಮೆ ಕರೇಹಟ್ಟಿಗೆ ಬಂದು ಬೈಸಿಕೊಂಡು, ಮಗಳ ಓದಿನ ಖರ್ಚು ಕೊಟ್ಟು, ಅವಳು ಓದುವುದನ್ನು ಬಾಗಿಲ ಸಂದಿಯಿಂದ ನೋಡಿ ಹೋಗುತ್ತಿದ್ದಳು.

ಮಗಳ ಮದುವೆ ಗೊತ್ತಾದಂದಿನಿಂದ ಅವಳಿಗೆ ಒಂದೇ ಆಸೆ. ಕಂಕಣದ ಎಳೆ ತಾನು ನೂಲಬೇಕು. ಹತ್ತಿಯ ಮನೆಯಿಂದ ಬಂದವಳಿಗೆ ಉಣ್ಣೆ ನೂಲುವುದು ಎಲ್ಲಿ ಬರಬೇಕು! ಒಂದು ವರ್ಷ ಕಾರವಾರದ ಬಾಡಿಗೆ ಮನೆಯಲ್ಲಿ ಕದಿರು ತಿರುಗಿಸಿದಳು. ಸಮುದ್ರದ ಗಾಳಿಗೆ ಉಣ್ಣೆ ಒದ್ದೆಯಾಗಿ ಎಳೆ ಕಡಿಯುತ್ತಿತ್ತು. ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟು ಒಣಗಿಸಿ ಮತ್ತೆ ನೂತು ಕಲಿತಳು. ಆ ಕಲಿತ ಕೈಯನ್ನೇ ಈಗ ಕಾಳಕ್ಕ ತಡೆದಿದ್ದಳು.

ಕೂಗಾಟ ಕೇಳಿ ಒಳಗಿಂದ ಮುದ್ದಕ್ಕ ಬಂದಳು, ಮೈಗೆಲ್ಲ ಅರಿಶಿನ. ಅಪ್ಪನ ಅಗಲ ಹಣೆ, ಅಮ್ಮನ ಗಟ್ಟಿ ದವಡೆ. ಮದುವೆ ನಡೆಸಲು ಬಂದಿದ್ದ ಹಿರಿಯ, ಕಾಳಕ್ಕನ ತಮ್ಮ ದೊಡ್ಡತಿಮ್ಮಪ್ಪ ಕೋಲೂರಿಕೊಂಡು ಜಗಲಿ ಹತ್ತಿದ.

"ಅಕ್ಕಾ, ಹಡೆದೋಳು ನೂಲ್ಲಿ ಬಿಡು. ಪದ್ಧತಿ ಹಂಗೈತಲ್ಲ."

"ಪದ್ಧತಿ ಅಂದ್ರೆ ಪೂರಾ ಪದ್ಧತಿ ಕೇಳಪ್ಪ. ತಾಯಿ ಕಂಕಣದ ಎಳೆ ಎಲ್ಲೈತೆ? ಕೇಳು ಅವಳ್ನ!"

ದೊಡ್ಡತಿಮ್ಮಪ್ಪ ಓಬಕ್ಕನ ಕಡೆ ತಿರುಗಿದ. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಓಬಕ್ಕ ಮಗಳನ್ನು ನೋಡಿದಳು. ಈಗಲೂ ಹೇಳದಿದ್ದರೆ ಇನ್ನು ಯಾವಾಗ?

"ನಾನು ಕತ್ತರಿಸಲಿಲ್ಲ ಮಾವ. ಅವರೇ ಕೊಚ್ಚಿಗೆ ಬಂದಿದ್ರು. ಅವರೇ ಗಂಟು ಬಿಚ್ಚಿದ್ರು... ಎರಡೂ ಕಂಕಣ ಈ ಮನೆಗೇ ತಂದ್ರು. ಎಲ್ಲಿಟ್ರೋ ನಂಗೊತ್ತಿಲ್ಲ."

ಕಾಳಕ್ಕ ಮುಖ ತಿರುಗಿಸಿದಳು. ಜಗಲಿಯ ಕಂಬಕ್ಕೆ ಕೈ ಊರಿದಳು. ಅವಳು ಸುಮ್ಮನಾದದ್ದನ್ನು ಆಗ ಯಾರೂ ಗಮನಿಸಲಿಲ್ಲ, ಯಾಕೆಂದರೆ ಮುದ್ದಕ್ಕ ಕೂಗಿದಳು.

"ಸುಳ್ಳು! ಅಪ್ಪ ಬಂದಿದ್ರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ? ಶಾಲೆಯಾಗೆ ನಂಗೆ 'ಕಂಕಣಗೇಡಿ ಮಗಳು' ಅಂತಿದ್ರು, ಗೊತ್ತಾ ನಿಂಗೆ? ಅತ್ಕಂಡು ಮನೆಗೆ ಬಂದ್ರೆ ಅಜ್ಜಿ ಇದ್ಲು. ನೀನಿರ್ಲಿಲ್ಲ! ಯಾವತ್ತಿದ್ದೆ ನೀನು?"

ಅದೇ ಹೊತ್ತಿಗೆ ಓಬಕ್ಕನ ಫೋನು ಹೊಡೆದುಕೊಂಡಿತು. ಎತ್ತದೆ ಬಿಟ್ಟಳು, ನಿಂತು ಮತ್ತೆ ಹೊಡೆದುಕೊಂಡಿತು. ಈ ಸಲ ಎತ್ತಿದಳು, ಕಾರವಾರದ ಕಿರಿಯ ಅಧಿಕಾರಿ. ಅರಬ್ಬೀ ಸಮುದ್ರದಲ್ಲಿ ಗಾಳಿ ತಿರುಗಿದೆ, ನಾಡಿದ್ದಿನೊಳಗೆ ಚಂಡಮಾರುತ. ಮೀನು ಹಿಡಿಯುವ ನಿಷೇಧಕ್ಕೆ ಇನ್ನು ಹತ್ತೇ ದಿನವೆಂದು ಎಲ್ಲರೂ ಕೊನೆಯ ಬಲೆ ಬೀಸಲು ಆಳಕ್ಕೆ ಹೋಗಿದ್ದಾರೆ. ಇನ್ನೂರು ಬೋಟುಗಳು ಹೊರಗಿವೆ. ಯಾವ ಬೋಟನ್ನು ಯಾವ ಬಂದರಿಗೆ ತಿರುಗಿಸಬೇಕೆಂದು ಬೋಟಿನವರ ಮಾತಿನಲ್ಲೇ ಹೇಳಬಲ್ಲವರು ನೀವು. ನಾಳೆ ಬೆಳಿಗ್ಗೆ ಆರಕ್ಕೆ ಹಾಜರಾಗಬೇಕು, ಮೇಡಂ.

"ಹೋಗು" ಎಂದಳು ಮುದ್ದಕ್ಕ. "ನಿಂಗೇನು ಹೊಸದಾ?"

ಓಬಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ನಾನು ಬರುವುದಿಲ್ಲ" ಎಂದಳು. ಆ ಕಡೆಯವನಿಗೆ ಕೇಳಿಸಲಿಲ್ಲವೇನೋ, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು. "ಈ ಸಲ ಬರುವುದಿಲ್ಲ. ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ. ಕಾಗದ ಕಳಿಸುತ್ತೇನೆ."

ಇಪ್ಪತ್ತೊಂಬತ್ತು ವರ್ಷದ ನೌಕರಿ ಎರಡು ಮಾತಿನಲ್ಲಿ ಮುಗಿಯಿತು! ಮುದ್ದಕ್ಕ ತಾಯಿಯನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ಓಡಿದಳು.

ಬರುವುದಿಲ್ಲ ಎಂದು ಹೇಳಿದ್ದೇನೋ ಆಯಿತು. ಆದರೆ ಕೂತಲ್ಲಿ ಕೂರಲಾಗಬೇಕಲ್ಲ? ಕದಿರು ಮುಟ್ಟುವಂತಿಲ್ಲ, ಅಡುಗೆಮನೆಯಲ್ಲಿ ಅವಳಿಗೆ ಜಾಗವಿಲ್ಲ. ಓಬಕ್ಕ ಬೇವಿನ ಮರದಿಂದ ಕುರಿರೊಪ್ಪದವರೆಗೆ, ರೊಪ್ಪದಿಂದ ಬೇವಿನ ಮರದವರೆಗೆ ನಡೆದಳು. ಫೋನು ತೆಗೆದು ಗಾಳಿಯ ನಕ್ಷೆ ನೋಡಿದಳು, ಒಳಗಿಟ್ಟಳು, ಮತ್ತೆ ತೆಗೆದಳು. ಕರೇಹಟ್ಟಿಯ ಮೇಲೆ ಒಂದು ಮೋಡವೂ ಇರಲಿಲ್ಲ. ಮಧ್ಯಾಹ್ನ ಹಿರಿಯೂರಿನಿಂದ ಗಂಡಿನವರ ಬಸ್ಸು ಬಂತು. ಮದುಮಗ ಚಿಕ್ಕತಿಮ್ಮಪ್ಪ ಪಶು ಆಸ್ಪತ್ರೆಯಲ್ಲಿ ಕೆಲಸದವನು, ಇಳಿದವನೇ ಓಬಕ್ಕನ ಕಾಲಿಗೆ ಬಿದ್ದ. ಅವನನ್ನು ಹರಸಿದ ಕೈ ಮತ್ತೆ ಫೋನಿನ ಕಡೆಗೇ ಹೋಯಿತು. ನಡಿಗೆ ನಿಲ್ಲಲಿಲ್ಲ.

ಕಿಟಕಿಯ ಸರಳು ಹಿಡಿದು ಕಾಳಕ್ಕ ಅದನ್ನೆಲ್ಲ ನೋಡುತ್ತಿದ್ದಳು. ಮಗ ಹಾಸಿಗೆ ಹಿಡಿದ ಆ ನಾಲ್ಕು ದಿನ ಅವಳೂ ಹೀಗೆಯೇ ಬೇವಿನ ಮರಕ್ಕೂ ರೊಪ್ಪಕ್ಕೂ ನಡೆದಿದ್ದಳು. ಇವಳು ನಡೆಯುತ್ತಿರುವುದು ಯಾರ ಮಕ್ಕಳಿಗಾಗಿ? ಹೆಸರೂ ಗೊತ್ತಿಲ್ಲದ ಇನ್ನೂರು ಬೋಟಿನವರ ಮಕ್ಕಳಿಗಾಗಿ. ಅವರ ತಾಯಂದಿರೂ ಈಗ ಎಲ್ಲೋ ದಡದಲ್ಲಿ ನಡೆಯುತ್ತಿರಬೇಕು... ಮುದುಕಿ ಸರಳು ಬಿಟ್ಟು ಒಳಕೋಣೆಗೆ ಹೋದಳು. ಹೊರಬಂದಾಗ ಅವಳ ಕೈಯಲ್ಲಿ ತುಕ್ಕು ಹಿಡಿದ ಒಂದು ಜಾಮಿಟ್ರಿ ಬಾಕ್ಸು ಇತ್ತು.

"ಓಬಕ್ಕಾ, ಬಾ ಇಲ್ಲಿ" ಎಂದಳು. ಹೆಸರು ಹಿಡಿದು ಕರೆದು ಹದಿನೆಂಟು ವರ್ಷವಾಗಿತ್ತು.

ಓಬಕ್ಕ ಜಗಲಿಗೆ ಬಂದಳು. ಕರೆದ ದನಿ ಕೇಳಿ ಮುದ್ದಕ್ಕನೂ ಬಾಗಿಲಿಗೆ ಬಂದಳು. ಕಾಳಕ್ಕ ಮುಚ್ಚಳ ತೆಗೆದಳು. ಒಳಗೆ ಮುರುಕು ಸೀಮೆಸುಣ್ಣ, ಮೇಷ್ಟರ ಕೈವಾರ. ಅವುಗಳ ನಡುವೆ ಒಂದಕ್ಕೊಂದು ಗಂಟುಹಾಕಿದ ಎರಡು ಕರಿ ಉಣ್ಣೆಯ ಕಂಕಣಗಳು, ಒಣಗಿ ಕಪ್ಪಾದ ಅರಿಶಿನದ ಕೊಂಬಿನ ಸಮೇತ.

"ಮಣ್ಣು ಮಾಡಿದ ಮರುದಿನ ಅವನ ಟ್ರಂಕಿನಾಗೆ ಸಿಕ್ತು" ಎಂದಳು ಕಾಳಕ್ಕ. "ಕತ್ತರಿ ತಾಗಿದ ಉಣ್ಣೆ ತುದಿ ಬ್ಯಾರೆ, ಗಂಟು ಬಿಚ್ಚಿದ ಉಣ್ಣೆ ಬ್ಯಾರೆ. ಹುಟ್ಟಿದಾಗ್ಲಿಂದ ಉಣ್ಣೆ ಹಿಂಜಿದ ಕೈ ಕಣವ್ವ ಇದು, ನಂಗೊತ್ತಾಗಲ್ವಾ? ನೋಡಿದೇಟಿಗೆ ಗೊತ್ತಾತು. ನೀನು ಕತ್ತರಿಸಿಲ್ಲ. ನನ್ನ ಮಗ್ನೇ ಬಿಚ್ಚಿದಾನೆ ಅಂತ."

"ಅತ್ತೇ..." ಎಂದಳು ಓಬಕ್ಕ. "ಹದಿನೆಂಟು ವರ್ಷ... ಗೊತ್ತಿದ್ದೂ..."

"ಯಾರ್ನ ಬೈಲಿ ನಾನು? ಹೇಳು! ದೇವರ್ನ ಬೈದೆ, ಅವನು ಬಾಯಿ ಬಿಡ್ಲಿಲ್ಲ. ಸತ್ತ ಮಗನ್ನ ಬೈಯಾಕಾಗುತ್ತಾ? ನೀನಾದ್ರೆ ವರ್ಷಕ್ಕೊಂದು ಸಲ ಬರ್ತಿದ್ದೆ. ತಲೆ ಬಗ್ಗಿಸ್ಕಂಡು ನಿಲ್ತಿದ್ದೆ. ನಿನ್ನ ಬೈತಿರೋವರ್ಗೂ ಅವನು ಸತ್ತಿದ್ದು ಮೊನ್ನೆ ಮೊನ್ನೆ ಅನ್ನಂಗಿರ್ತಿತ್ತು... ಇದನ್ನ ತೋರಿಸಿಬಿಟ್ಟಿದ್ರೆ ನಂಗೇನು ಉಳೀತಿತ್ತವ್ವ?" ಮುದುಕಿ ಜಗಲಿಯ ಮೇಲೆ ಕುಸಿದು ಕೂತು ಎದೆ ಎದೆ ಬಡಿದುಕೊಂಡಳು. "ಪಾಪಿ ನಾನು! ತಾಯಿನ ಕಸ್ಕಂಡೆ ಈ ಕೂಸಿಂದ. ಕತ್ತರಿ ಹಾಕಿದೋಳು ನೀನಲ್ಲ ಕಣೆ, ನಾನು!"

ಓಬಕ್ಕನಿಗೆ ಸಿಟ್ಟು ಬಂತು. ಬಾರದೆ ಇರಲು ಅವಳೇನು ಕಲ್ಲೇ? ಮಗಳ ಬಾಲ್ಯವೆಲ್ಲ ಬಾಗಿಲ ಸಂದಿಯಲ್ಲಿ ಕಳೆದುಹೋಗಿತ್ತು. ಬಾಕ್ಸನ್ನು ಕಸಿದುಕೊಂಡು ಎದೆಗೊತ್ತಿಕೊಂಡಳು. ಆಮೇಲೆ ಅತ್ತೆಯ ಪಕ್ಕದಲ್ಲೇ ಕೂತು, ಹದಿನೆಂಟು ವರ್ಷದಿಂದ ಹಿಡಿದಿಟ್ಟದ್ದನ್ನು ಬಿಟ್ಟು ಅತ್ತಳು. ಗಂಡನಿಗಾಗಿ ಈ ಮನೆಯಲ್ಲಿ ಅಳಲು ಅವಳಿಗೆ ಇಂದಿನವರೆಗೆ ಯಾರೂ ಜಾಗ ಕೊಟ್ಟಿರಲಿಲ್ಲ.

ಮುದ್ದಕ್ಕ ಅಂಗಳಕ್ಕಿಳಿದಳು. ಬೆಳಿಗ್ಗೆ ಬಿದ್ದಲ್ಲೇ ಬಿದ್ದಿದ್ದ ಕದಿರನ್ನು ಎತ್ತಿ, ಉಣ್ಣೆಗೆ ಅಂಟಿದ ಮಣ್ಣನ್ನು ಊದಿ, ತಾಯಿಯ ಮಡಿಲಲ್ಲಿ ಇಟ್ಟಳು.

"ನೂಲು. ಹೊತ್ತಾಗ್ತೈತೆ" ಎಂದಳು. ಸ್ವಲ್ಪ ತಡೆದು ಸೇರಿಸಿದಳು, "ಅಮ್ಮ."

ಎಳೆ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕಾಳಕ್ಕ ಕಣ್ಣೊರೆಸಿಕೊಳ್ಳುತ್ತಲೇ "ಬೆರಳು ಸಡ್ಲ ಬಿಡು, ಹಗ್ಗ ಹೊಸೀತಿಯೇನು?" ಎಂದು ಗದರಿದಳು. ದೊಡ್ಡತಿಮ್ಮಪ್ಪ ಹಳೆಯ ಕಂಕಣದಿಂದ ಒಂದೆಳೆ ಬಿಡಿಸಿ ಹೊಸದರಲ್ಲಿ ಸೇರಿಸಿದ. ನಾಲ್ಕೂವರೆಗೆ ಮುದ್ದಕ್ಕನ ಕೈಗೂ ಚಿಕ್ಕತಿಮ್ಮಪ್ಪನ ಕೈಗೂ ಕಂಕಣ ಕಟ್ಟಿದ್ದಾಯಿತು.

ಕಟ್ಟಿ ಮುಗಿದ ಮೇಲೂ ಓಬಕ್ಕನ ಕಣ್ಣು ಫೋನಿನ ಮೇಲೇ ಇತ್ತು. ಮುದ್ದಕ್ಕ ಅದನ್ನು ತೆಗೆದು ಅವಳ ಅಂಗೈಯಲ್ಲಿಟ್ಟಳು.

"ಬರ್ತೀನಿ ಅಂತ ಹೇಳು ಅವರಿಗೆ."

"ಇಲ್ಲ ಕಣೇ. ನಾಳೆ ನಿನ್ನ ಧಾರೆ..."

"ನೀನಿಲ್ಲಿ ಕುಂತಿದ್ರೂ ಅಲ್ಲೇ ಇರ್ತೀಯ. ಬೆಳಿಗ್ಗೆಯಿಂದ ನೋಡ್ತಿದೀನಿ. ನೀನು ಹೋಗದೆ ಅಲ್ಲೊಂದು ಬೋಟು ಮುಳುಗಿದ್ರೆ, ಅದೂ ನನ್ನ ಕಂಕಣದ ಮ್ಯಾಲೆ ಬರ್ತೈತೆ. ಬ್ಯಾಡಮ್ಮ. ಆದ್ರೆ ಒಂದು ಮಾತು, ನೀನು ಬರೋವರ್ಗೂ ನಾನು ಇದನ್ನ ಬಿಚ್ಚಿಸ್ಕಳಲ್ಲ. ಐದು ದಿನ ಆಗ್ಲಿ, ಐವತ್ತು ದಿನ ಆಗ್ಲಿ. ಗಡಿನೂ ದಾಟಲ್ಲ."

ಓಬಕ್ಕ ಅತ್ತೆಯನ್ನು ನೋಡಿದಳು. ಅಂದು ಬಾಗಿಲಿಗೆ ಅಡ್ಡ ಕೂತಿದ್ದವಳು ಇಂದು ಜಗಲಿಯಿಂದ ಎದ್ದು ದಾರಿ ಬಿಟ್ಟಳು. "ಹೋಗ್ ಬಾ. ಧಾರೆ ನಾನು ಎರೀತೀನಿ" ಎಂದಳು.

ಗಡಿಕಲ್ಲಿನವರೆಗೆ ಮೂವರೂ ನಡೆದರು. ಕಲ್ಲಿನ ಹತ್ತಿರ ಬಂದಾಗ ಮುದ್ದಕ್ಕನ ಕಾಲು ತಾನಾಗಿ ನಿಂತಿತು. ಆಚೆ ಜೀಪು ಕಾಯುತ್ತಿತ್ತು. ಓಬಕ್ಕ ಕಲ್ಲು ದಾಟಿದಳು. ತಿರುಗಿ ನೋಡಿದಳು, ಹತ್ತಿದಳು. ಮರುದಿನ ತನ್ನ ಒಬ್ಬಳೇ ಮಗಳ ಧಾರೆಯ ಹೊತ್ತಿನಲ್ಲಿ ಅವಳು ಕಾರವಾರದ ಕೋಣೆಯೊಂದರಲ್ಲಿ ನಿಂತು, ಗಾಳಿಯ ಸದ್ದಿನ ನಡುವೆ ಒಂದೊಂದೇ ಬೋಟಿನ ಹೆಸರು ಕೂಗುತ್ತಿದ್ದಳು. ಇನ್ನೂರರಲ್ಲಿ ಇನ್ನೂರೂ ದಡ ಸೇರಿದವು.

ಮುರಿದ ಬೋಟುಗಳು, ಕಾಗದ ಪತ್ರಗಳು ಎಂದು ಅವಳು ಹೊರಡುವಷ್ಟರಲ್ಲಿ ಎಂಟು ದಿನವಾಯಿತು. ಇತ್ತ ಗಂಡಿನವರು ಗೊಣಗಿ ಗೊಣಗಿ ಹಿರಿಯೂರಿಗೆ ವಾಪಸು ಹೋದರು. ಕಂಕಣ ಬಿಚ್ಚದ ಅಳಿಯ ಮಾತ್ರ ಕರೇಹಟ್ಟಿಯಲ್ಲೇ ಉಳಿದು, ರಜೆ ಮುಂದುವರಿಸಿ, ಊರಿನ ಅರ್ಧ ಕುರಿಗಳಿಗೆ ಜಂತಿನ ಔಷಧಿ ಕುಡಿಸಿದ. ಆಡಿಕೊಳ್ಳುವವರು ಆಡಿಕೊಂಡರು. ಕಾಳಕ್ಕ ದಿನಾ ಬೆಳಿಗ್ಗೆ ರಾಗಿ ರೊಟ್ಟಿ ತಿಂದು ಗಡಿಕಲ್ಲಿನ ಹತ್ತಿರ ಕಂಬಳಿ ಹಾಸಿಕೊಂಡು ಕೂರುತ್ತಿದ್ದಳು. ಯಾರಾದರೂ ಕೇಳಿದರೆ "ಬಿಸಿಲು ಕಾಸ್ತಿದೀನಿ" ಎನ್ನುತ್ತಿದ್ದಳು, ಮೇ ತಿಂಗಳಲ್ಲಿ!

ಒಂಬತ್ತನೆಯ ದಿನ ಹೊಸದುರ್ಗದ ಕಡೆಯಿಂದ ಬಂದ ಬಸ್ಸಿನಿಂದ ಓಬಕ್ಕ ಇಳಿದಳು. ಬಟ್ಟೆ ಬದಲಿಸಲೂ ಹೊತ್ತಾಗಿರಲಿಲ್ಲ, ಬಿಳಿ ಯೂನಿಫಾರ್ಮು ಕೊಳೆಯಾಗಿತ್ತು. ಗಡಿಕಲ್ಲಿನ ಹತ್ತಿರ ಬಂದು, ಕೂತಿದ್ದ ಅತ್ತೆಗೆ ಕೈ ಚಾಚಿದಳು. ಕಾಳಕ್ಕ ಸೊಸೆಯ ಕೈ ಹಿಡಿದು ಎದ್ದು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು.

"ಸರಸರ ನಡಿ ಮತ್ತೆ" ಎಂದಳು. "ಒಂಬತ್ತು ದಿನದಿಂದ ಕೈ ತುರಿಸ್ತೈತೆ ಅಂತ ಆ ಹುಡುಗಿ ನನ್ನ ಪ್ರಾಣ ತಿಂತಾಳೆ."